45 ದಿನದ ಕಡ ಬಿಟ್ಟು 20 ದಿನದ ಕಡಕ್ಕೆ ಹೋಗುವ ಮುಂಚೆ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಪಿವಿಸಿ ಪೈಪ್, ಫಿಟ್ಟಿಂಗ್, ನೀರಿನ ಟ್ಯಾಂಕ್, ನಲ್ಲಿ, ಇಂಥವು. 11 ವರ್ಷದಿಂದ ಮಂಗಳೂರು ಬಂದರಿನ ಒಬ್ಬರೇ ಹೋಲ್‌ಸೇಲ್‌ನವರಿಂದ ಸಾಮಾನು ತರಿಸುತ್ತಿದ್ದೇನೆ. ಅವರು ಸರಾಸರಿ 45 ದಿನ ಕಡ ಕೊಡುತ್ತಾರೆ, ಸಾಮಾನು ಅಂಗಡಿಗಳಿಗೆ ಸುತ್ತು ಬರುವ ಅವರ ಲೈನ್ ಗಾಡಿಯಲ್ಲೇ ಬರುತ್ತದೆ. ಈಗ ಕಣ್ಣೂರಿನವರೊಬ್ಬರು 4 ಪರ್ಸೆಂಟ್ ಕಡಿಮೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಮೊದಲ ಮೂರು ಲೋಡಿಗೆ ಪೂರ್ತಿ ಅಡ್ವಾನ್ಸ್, ಆಮೇಲೆ 20 ದಿನ ಕಡ. ಒಂದು ಲೋಡ್ ಕನಿಷ್ಠ 3 ಲಕ್ಷದ್ದಾಗಬೇಕು, ಲಾರಿ ಬಾಡಿಗೆ 4,500 ನನ್ನದು. ಸೀಸನ್‌ನಲ್ಲಿ ತೆರಿಗೆ ಸೇರಿ ತಿಂಗಳಿಗೆ 9 ಲಕ್ಷದ ಖರೀದಿ, ಮಳೆಗಾಲದ ನಾಲ್ಕು ತಿಂಗಳು 4 ಲಕ್ಷ. ಗಿರಾಕಿಗಳ ಕೈಯಲ್ಲಿ 11 ಲಕ್ಷ ಬಾಕಿ, ಹೆಚ್ಚಿನವರು ಅಡಿಕೆ ಕೃಷಿಕರು. ಜಿಎಸ್‌ಟಿಯಲ್ಲಿ ರೆಗ್ಯುಲರ್. ಈ ಜನವರಿಯಲ್ಲೇ ಬದಲಿಸಬೇಕೆಂದಿದ್ದೇನೆ. ಕೈಯಲ್ಲಿ ಹಣ ನಿಲ್ಲದೆ ಹೋಗಬಹುದೇ ಎಂಬ ಹೆದರಿಕೆ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. 4 ಪರ್ಸೆಂಟ್ ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಆ 45 ದಿನದಿಂದ ಶುರು ಮಾಡೋಣ.

ಸೀಸನ್‌ನಲ್ಲಿ ತಿಂಗಳಿಗೆ 9 ಲಕ್ಷ ಅಂದರೆ ದಿನಕ್ಕೆ 30,000. 45 ದಿನದ ಕಡ ಅಂದರೆ ಯಾವ ಹೊತ್ತಿಗೆ ನೋಡಿದರೂ ಬಂದರಿನವರ ಹದಿಮೂರೂವರೆ ಲಕ್ಷ ರೂಪಾಯಿ ನಿಮ್ಮ ಅಂಗಡಿಯಲ್ಲಿ ಓಡಾಡುತ್ತಿದೆ. ಬಡ್ಡಿ ಇಲ್ಲ, ಅಡವು ಇಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತಬೇಕಿಲ್ಲ. 11 ವರ್ಷದಿಂದ ಇರುವ ಕಾರಣ ಅದು ನಿಮ್ಮದೇ ಹಣ ಅನಿಸಿಬಿಟ್ಟಿದೆ. ಸಪ್ಲೈಯರ್ ಬದಲಿಸುವುದು ಅಂದರೆ ಮೊದಲು ಆ ಸಾಲವನ್ನು ಹಿಂದೆ ಕೊಡುವುದು. ಸಾಮಾನಿನ ಬೆಲೆಯ ಮಾತು ಆಮೇಲೆ ಬರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಉಪ್ಪಳದಲ್ಲಿ ನಮ್ಮ ಮನೆಯವರ ಪೇಂಟ್ ಅಂಗಡಿ ಇತ್ತು. ಕಡಿಮೆ ಬೆಲೆಗೆ ಕೊಡುತ್ತೇವೆಂದ ಹೊಸಬರಿಗೆ ನಾವು ಅಡ್ವಾನ್ಸ್ ಕಳಿಸಿದೆವು. ಆ ಹಣ ಎಲ್ಲಿಂದ? ಹಳಬರಿಗೆ ಕೊಡಬೇಕೆಂದು ತೆಗೆದಿಟ್ಟದ್ದು. ಹತ್ತು ದಿನ ತಾನೇ, ಸುಧಾರಿಸೋಣ ಅಂದುಕೊಂಡೆವು. ಎರಡನೇ ಲೋಡ್ ಮೂರು ವಾರ ತಡವಾಯಿತು. ಅಷ್ಟರಲ್ಲಿ ಹಳಬರ ಬಿಲ್ಲಿನ ಗಡುವು ದಾಟಿತು, ಅವರು ಸಾಮಾನು ನಿಲ್ಲಿಸಿದರು. ಮಾರ್ಚ್ ತಿಂಗಳು, ಎಲ್ಲರೂ ಮನೆಗೆ ಬಣ್ಣ ಹೊಡೆಸುವ ಕಾಲ. ನಮ್ಮ ಶೆಲ್ಫ್ ಖಾಲಿ. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು, ಹಾಗೆ ಹೋದವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಹಾಗಾಗಿ ಮೊದಲೇ ಹೇಳುತ್ತೇನೆ: ಹಳಬರಿಗೆ ಸೇರಬೇಕಾದ ಹಣದಿಂದ ಹೊಸಬರಿಗೆ ಅಡ್ವಾನ್ಸ್ ಕೊಡಬೇಡಿ, ಒಂದೇ ಒಂದು ಸಲವೂ ಬೇಡ. ಆ ಹಣ ಪೆಟ್ಟಿಗೆಯಲ್ಲೇ ಇರುತ್ತದೆ, ಅದಕ್ಕೇ ಕೈ ಅಲ್ಲಿಗೆ ಹೋಗುತ್ತದೆ.

ಈಗ ನಿಮ್ಮ ಲೆಕ್ಕ. ಜನವರಿಯಲ್ಲಿ ಪೂರ್ತಿ ಬದಲಿಸಿದಿರಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಮೂರು ಲೋಡ್ ಬೇಕು, ಮೂರಕ್ಕೂ ಅಡ್ವಾನ್ಸ್. ಅಂದರೆ ಸುಮಾರು 20 ದಿನದೊಳಗೆ 9 ಲಕ್ಷ ಹೋಗುತ್ತದೆ. ಅದೇ ಹೊತ್ತಿಗೆ ಹಳೆಯ ಬಿಲ್ಲುಗಳು ಒಂದೊಂದಾಗಿ ಗಡುವಿಗೆ ಬರುತ್ತಲೇ ಇರುತ್ತವೆ, ಪೂರ್ತಿ 45 ದಿನ. ಎರಡು ಸಪ್ಲೈಯರ್‌ಗೆ ಒಟ್ಟಿಗೆ ಹಣ, ಬರುವುದು ಒಂದೇ ಅಂಗಡಿಯ ಕಲೆಕ್ಷನ್.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಮೂರು ಲೋಡ್ ಮುಗಿದರೆ ಕಷ್ಟ ಮುಗಿಯಿತು, ಆಮೇಲೆ ಕಡ ಸಿಗುತ್ತದಲ್ಲ, ಆ 9 ಲಕ್ಷ ವಾಪಸ್ ಬರುತ್ತದೆ ಎಂದು. ಅದು ಬರುವುದಿಲ್ಲ. ಮೊದಲು 45 ದಿನ ಇದ್ದ ಕಡ ಈಗ 20 ದಿನ. 25 ದಿನ ಕಮ್ಮಿ. ದಿನಕ್ಕೆ 30,000ದ ಹಾಗೆ ಏಳೂವರೆ ಲಕ್ಷ. ಮೇಲಿಂದ, ಲೈನ್ ಗಾಡಿಯಲ್ಲಿ ಬೇಕಾದಷ್ಟೇ ತರಿಸುತ್ತಿದ್ದವರು ಈಗ 3 ಲಕ್ಷದ ಲೋಡನ್ನೇ ಇಳಿಸಬೇಕು. ಗೋಡೌನ್‌ನಲ್ಲಿ ಸರಕು ಏಳೆಂಟು ದಿನ ಜಾಸ್ತಿ ಕೂರುತ್ತದೆ. ಎಂಟು ದಿನ ಎಂದು ಹಿಡಿದರೆ 2 ಲಕ್ಷದ 40 ಸಾವಿರ. ಒಟ್ಟು 10 ಲಕ್ಷದ ಹತ್ತಿರ. ಇದು ಈ ಸಪ್ಲೈಯರ್ ಇರುವಷ್ಟು ಕಾಲವೂ ನೀವು ಬೇರೆ ಕಡೆಯಿಂದ ತಂದು ಇಡಬೇಕಾದ ಹಣ. ಅಡ್ವಾನ್ಸ್ ಅದನ್ನು ಒಮ್ಮೆಗೇ ತಂದು ನಿಮ್ಮ ಮುಂದೆ ನಿಲ್ಲಿಸುತ್ತದೆ, ಅಷ್ಟೇ.

ಇನ್ನು ಆ 4 ಪರ್ಸೆಂಟ್ ನಿಜವಾಗಿ ಎಷ್ಟು? ಎಂಟು ತಿಂಗಳು 9 ಲಕ್ಷ, ನಾಲ್ಕು ತಿಂಗಳು 4 ಲಕ್ಷ, ಒಟ್ಟು ವರ್ಷಕ್ಕೆ 88 ಲಕ್ಷ. ಇದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ. ಆ ತೆರಿಗೆಯನ್ನು ನೀವು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳುತ್ತೀರಿ, ಅಂದರೆ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತೀರಿ, ಅದರಲ್ಲಿ ಆಗುವ ಉಳಿತಾಯ ನಿಮ್ಮದಲ್ಲ. ತೆರಿಗೆ ಬಿಟ್ಟರೆ ಖರೀದಿ ಸುಮಾರು 74.5 ಲಕ್ಷ, ಅದರ 4 ಪರ್ಸೆಂಟ್ 3 ಲಕ್ಷ. ವರ್ಷಕ್ಕೆ 29 ಲೋಡ್, ಬಾಡಿಗೆ 1 ಲಕ್ಷದ 30 ಸಾವಿರ. ಉಳಿದದ್ದು 1 ಲಕ್ಷದ 70 ಸಾವಿರ. ಆ 10 ಲಕ್ಷ ಮಳೆಗಾಲದಲ್ಲಿ ನಾಲ್ಕೂವರೆಗೆ ಇಳಿಯುತ್ತದೆ, ವರ್ಷದ ಸರಾಸರಿ 8 ಲಕ್ಷ ಎಂದಿಟ್ಟುಕೊಂಡು 11 ಪರ್ಸೆಂಟ್ ಬಡ್ಡಿ ಹಾಕಿ. ಹತ್ತಿರ ಹತ್ತಿರ 90 ಸಾವಿರ. ಕೊನೆಗೆ ನಿಮ್ಮ ಕೈಗೆ 80 ಸಾವಿರ. ಖರೀದಿಯ ಮೇಲೆ 1 ಪರ್ಸೆಂಟ್ ಮಾತ್ರ. ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿರುವವರು, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವವರು, ಇದನ್ನು ಓದುತ್ತಿದ್ದರೆ, ನಿಮಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಹಾಗಾಗಿ ನಿಮ್ಮ ಉಳಿತಾಯವನ್ನು ತೆರಿಗೆ ಸೇರಿದ ಬೆಲೆಯ ಮೇಲೇ ಲೆಕ್ಕ ಹಾಕಿ.

80 ಸಾವಿರ ಸಣ್ಣ ಹಣವೇನಲ್ಲ. ಆದರೆ ಅದಕ್ಕಾಗಿ ಕಣ್ಣೂರಿಗೆ ಫೋನ್ ಮಾಡುವ ಮುಂಚೆ ಒಮ್ಮೆ ಬಂದರಿಗೆ ಹೋಗಿ ಬನ್ನಿ. ಫೋನ್ ಬೇಡ, ನೀವೇ ಹೋಗಿ ಕೂತು ಮಾತಾಡಿ. "ನನಗೆ 4 ಪರ್ಸೆಂಟ್ ಕಮ್ಮಿಗೆ ಕೊಡುವವರು ಬಂದಿದ್ದಾರೆ. ನೀವು ಅಷ್ಟು ಇಳಿಸಬೇಕಿಲ್ಲ. ನಾನು 45ರ ಬದಲು 15 ದಿನದಲ್ಲಿ ಹಣ ಹಾಕಿದ ಬಿಲ್ಲುಗಳಿಗೆ 2 ಪರ್ಸೆಂಟ್ ಬಿಡುತ್ತೀರಾ?" ಎಂದು ಕೇಳಿ. 30 ದಿನ ಮುಂಚೆ ಕೊಟ್ಟದ್ದಕ್ಕೆ 2 ಪರ್ಸೆಂಟ್ ಅಂದರೆ ವರ್ಷದ ಲೆಕ್ಕದಲ್ಲಿ 24 ಪರ್ಸೆಂಟ್. ಬ್ಯಾಂಕಿನಿಂದ 11ಕ್ಕೆ ತಂದು ಕೊಟ್ಟರೂ ನಿಮಗೆ ಲಾಭ. ಎಲ್ಲ ಬಿಲ್ಲನ್ನೂ ಹಾಗೆ ಕೊಟ್ಟರೆ ಡಿಸ್ಕೌಂಟ್ ಒಂದೂವರೆ ಲಕ್ಷ, ಬಡ್ಡಿ 80 ಸಾವಿರ, ಉಳಿಯುವುದು 70 ಸಾವಿರ. ಕಣ್ಣೂರಿಗೆ ಪೂರ್ತಿ ಹೋದರೆ ಸಿಗುವುದಕ್ಕಿಂತ 10 ಸಾವಿರ ಕಮ್ಮಿ, ಅಷ್ಟೇ ಅಲ್ವಾ? ಹೊಸ ಲಾರಿ ಇಲ್ಲ, ಹೊಸ ಬ್ರ್ಯಾಂಡ್ ಇಲ್ಲ, ಅಡ್ವಾನ್ಸ್ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಹಣ ಇದ್ದ ವಾರ ಬೇಗ ಕೊಡಬಹುದು, ಇಲ್ಲದ ವಾರ 45 ದಿನಕ್ಕೇ ಕೊಡಬಹುದು. ಯಾವಾಗ ಕೊಡಬೇಕೆಂದು ನಿರ್ಧರಿಸುವುದು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಸಣ್ಣ ವ್ಯಾಪಾರಿಗೆ ಇದಕ್ಕಿಂತ ಬೆಲೆಬಾಳುವ ಸೌಕರ್ಯ ನನಗೆ ಗೊತ್ತಿಲ್ಲ.

ಅವರು ಒಪ್ಪಿದರೂ, ಇನ್ನೊಬ್ಬ ಸಪ್ಲೈಯರ್ ಇರಲಿ ಎಂದೇ ನಾನು ಹೇಳುತ್ತೇನೆ. 11 ವರ್ಷ ಒಬ್ಬರನ್ನೇ ನಂಬಿ ಕೂತಿದ್ದೀರಿ. ನಾಳೆ ಅವರ ಮಕ್ಕಳು ವ್ಯಾಪಾರ ಬೇಡ ಅಂದರೆ? ಹಾಗಾಗಿ ಕಣ್ಣೂರಿನವರನ್ನು ಬಿಡಬೇಡಿ. ಆದರೆ ಅರ್ಧ ಮಾತ್ರ, ಅದೂ ಜನವರಿಯಲ್ಲಿ ಬೇಡ, ಜೂನ್‌ನಲ್ಲಿ.

ಯಾವ ಅರ್ಧ? ಪೈಪ್ ಮತ್ತು ಟ್ಯಾಂಕ್. ಅವು ಲಾರಿ ತುಂಬುವ ಸಾಮಾನು, ಲೋಡ್ ಲೆಕ್ಕದಲ್ಲಿ ತರಿಸಲು ಸರಿ. ಎಲ್ಬೋ, ಟೀ, ವಾಲ್ವ್, ನಲ್ಲಿ, ಸೊಲ್ಯೂಷನ್ ಡಬ್ಬಿ ಬಂದರಿನಿಂದಲೇ ಬರಲಿ. ಪ್ಲಂಬರ್ ಬೆಳಿಗ್ಗೆ ಬಂದು ಒಂದೂವರೆ ಇಂಚಿನ ಎಲ್ಬೋ ಹತ್ತು ಬೇಕು ಅಂದಾಗ ಬೇಕಾಗುವುದು 50 ಕಿಲೋಮೀಟರ್ ಆಚೆಯ ಲೈನ್ ಗಾಡಿ. ಕಣ್ಣೂರಿನಿಂದ ಚೆರ್ಕಳ ದಾಟಿ ಬರುವ 3 ಲಕ್ಷದ ಲೋಡ್ ಆ ಹೊತ್ತಿಗೆ ಒದಗುವುದಿಲ್ಲ. ಪೈಪಿನ ಬ್ರ್ಯಾಂಡ್ ಬದಲಾಗುವುದಾದರೆ ನಿಮ್ಮ ನಾಲ್ಕೈದು ಖಾಯಂ ಪ್ಲಂಬರ್‌ಗಳನ್ನು ಮೊದಲೇ ಕೇಳಿ. ಪೈಪಿನ ಮೇಲೆ ಐಎಸ್ 4985 ಎಂಬ ಗುಣಮಟ್ಟದ ಗುರುತು ಇದೆಯಾ ನೋಡಿ. ಪ್ಲಂಬರ್‌ಗಳು ಒಪ್ಪದಿದ್ದರೆ ಎರಡೂ ಬ್ರ್ಯಾಂಡ್ ಇಡಬೇಕಾಗುತ್ತದೆ. ಎರಡು ಬ್ರ್ಯಾಂಡ್ ಅಂದರೆ ಪ್ರತಿಯೊಂದು ಸೈಜಿಗೂ ಎರಡು ಪಾಲು ಸರಕು, ಅಷ್ಟೂ ಹಣ ಗೋಡೌನ್‌ನಲ್ಲಿ ಮಲಗಿದ ಹಾಗೆ.

ಜೂನ್ ಯಾಕೆ? ನಮ್ಮ ಕಡೆ ತೋಟಕ್ಕೆ ನೀರು ಬಿಡುವುದು ಮಳೆ ನಿಂತ ಮೇಲೆ. ಜನವರಿಯಿಂದ ಮೇವರೆಗೆ ಪೈಪ್ ಒಡೆದರೆ ಕೃಷಿಕ ಒಂದು ದಿನವೂ ಕಾಯುವುದಿಲ್ಲ. ಆ ಹೊತ್ತಿನಲ್ಲಿ ಹೊಸಬರ ಲೋಡ್ ತಡವಾದರೆ ನಿಮಗೆ ಆಗುವ ನಷ್ಟ ದೊಡ್ಡದು. ಜೂನ್‌ನಲ್ಲಿ ಒಂದು ವಾರ ತಡವಾದರೂ ಯಾರೂ ಕೇಳುವುದಿಲ್ಲ. ಇನ್ನೊಂದು ಕಾರಣ ಲೆಕ್ಕದ್ದು. ಮಳೆಗಾಲದಲ್ಲಿ ತಿಂಗಳ ಖರೀದಿ 4 ಲಕ್ಷ, ಅದರ ಅರ್ಧ 2 ಲಕ್ಷ. ಕಣ್ಣೂರಿನವರ ಹತ್ತಿರ ಮೊದಲ ಮೂರು ಲೋಡ್ ಒಂದೂವರೆ ಲಕ್ಷದ್ದು ಮಾಡಿಕೊಡಿ, ಪರಿಚಯದ ಆರ್ಡರ್ ಎಂದು ಕೇಳಿ. ಅವರಿಗೂ ಮಳೆಗಾಲದಲ್ಲಿ ವ್ಯಾಪಾರ ಕಮ್ಮಿ, ಕೇಳಿದರೆ ಒಪ್ಪುವ ಸಾಧ್ಯತೆ ಜನವರಿಗಿಂತ ಜಾಸ್ತಿ. ಒಂದು ಲೋಡ್ 22 ದಿನಕ್ಕೆ ಸಾಕು. 45 ದಿನದಲ್ಲಿ ಮೂರು ಕಂತಾಗಿ ನಾಲ್ಕೂವರೆ ಲಕ್ಷ ಕೊಟ್ಟು ಮುಗಿಸುತ್ತೀರಿ. ಅಷ್ಟರಲ್ಲಿ ಹಳೆಯ ಪೈಪ್ ಬಿಲ್ಲುಗಳೂ ತೀರಿರುತ್ತವೆ. ಮತ್ತೆ ಸೀಸನ್ ಬಂದಾಗ ಈ ಅರ್ಧಕ್ಕೆ ನಿಮ್ಮ ಹಣ ಎಷ್ಟು ಕೂರುತ್ತದೆ? ದಿನಕ್ಕೆ 15,000ದ ಹಾಗೆ 25 ದಿನ, ಮೂರು ಮುಕ್ಕಾಲು ಲಕ್ಷ. ಜಾಸ್ತಿ ಸರಕಿಗೆ ಇನ್ನೊಂದು ಲಕ್ಷ ಚಿಲ್ಲರೆ. ಒಟ್ಟು 5 ಲಕ್ಷ. ಜನವರಿಯಲ್ಲಿ ಒಮ್ಮೆಗೇ ಬಂದು ನಿಲ್ಲುತ್ತಿದ್ದ 10 ಲಕ್ಷ ಈಗ ಮೆಲ್ಲ ಬರುವ 5 ಲಕ್ಷವಾಯಿತು.

ಆ 5 ಲಕ್ಷಕ್ಕೆ ದಾರಿ ಹುಡುಕುವಾಗ ಒಂದು ಮಾತು ನೆನಪಿಡಿ. ಅದು ಯಾವತ್ತೂ ಬೇಕಾಗುವ ಹಣ. ಒಂದು ವರ್ಷದಲ್ಲಿ ತೀರಿಸಲೇಬೇಕಾದ ಸಾಲದಿಂದ ಅದನ್ನು ತುಂಬಿಸಿದರೆ, ಮುಂದಿನ ಜೂನ್‌ಗೆ ಅದೇ ಹಳ್ಳ ಮತ್ತೆ ಬಾಯಿ ತೆರೆಯುತ್ತದೆ. ಮನೆಯ ಚಿನ್ನ ಅಡವಿಟ್ಟು ಶುರು ಮಾಡುವವರನ್ನು ನಾನು ತುಂಬ ನೋಡಿದ್ದೇನೆ. ಎರಡು ತಿಂಗಳ ಮಟ್ಟಿಗೆ ಆಗಬಹುದು, ಬ್ಯಾಂಕಿನ ಸಾಲದ ಲಿಮಿಟ್ ಮಂಜೂರಾಗುವವರೆಗೆ. ಅದಕ್ಕಿಂತ ಹೆಚ್ಚು ಬೇಡ. ನಿಮ್ಮಲ್ಲಿ ಕೇರಳ ಸರ್ಕಾರದ ಕೆಎಸ್‌ಎಫ್‌ಇ ಚಿಟ್ಟಿ (ಚೀಟಿ) ಇದ್ದರೆ, ಅದು ಕೊನೆಯ ತಿಂಗಳುಗಳಲ್ಲಿದ್ದರೆ ಮಾತ್ರ ಮುಟ್ಟಿ. ಶುರುವಿನಲ್ಲೇ ಹರಾಜು ಕೂಗಿ ಎತ್ತಿದರೆ 30 ಪರ್ಸೆಂಟ್‌ವರೆಗೂ ಬಿಟ್ಟುಕೊಡಬೇಕಾಗಬಹುದು. 1 ಪರ್ಸೆಂಟ್ ಲಾಭಕ್ಕೆ ಹೊರಟವರು ಅಷ್ಟು ಬಿಟ್ಟುಕೊಡುವುದು ಸರಿಯಲ್ಲ.

ಸರಿಯಾದದ್ದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್, ಒಂದು ಲಿಮಿಟ್‌ನೊಳಗೆ ಬೇಕಾದಾಗ ತೆಗೆದು ಮತ್ತೆ ತುಂಬಬಹುದಾದ ಸಾಲ. ಬಳಸಿದ ಹಣಕ್ಕೆ, ಬಳಸಿದ ದಿನಕ್ಕೆ ಮಾತ್ರ ಬಡ್ಡಿ. ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಮುಂದಿನ ವರ್ಷದ ಅಂದಾಜು ವಹಿವಾಟಿನ 20 ಪರ್ಸೆಂಟ್‌ವರೆಗೆ ಲಿಮಿಟ್ ಲೆಕ್ಕ ಹಾಕುತ್ತವೆ. ನಿಮ್ಮ ವಹಿವಾಟಿಗೆ 5 ಲಕ್ಷ ದೊಡ್ಡ ಕೇಳಿಕೆಯೇ ಅಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಮಾಡಿಕೊಳ್ಳಿ, ಅದಕ್ಕೆ ಫೀಸ್ ಇಲ್ಲ.

ಬ್ಯಾಂಕಿಗೆ ಹೋದಾಗ ಒಂದು ವಿಷಯ ನಿಮಗೆ ಅನುಕೂಲವಾಗಿ ಕೆಲಸ ಮಾಡುತ್ತದೆ, ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಲಿಮಿಟ್ ಎಷ್ಟೇ ಇದ್ದರೂ, ತಿಂಗಳು ತಿಂಗಳು ತೆಗೆಯಬಹುದಾದ ಹಣವನ್ನು ಬ್ಯಾಂಕ್ ಸರಕಿನ ಮೇಲೆ ಲೆಕ್ಕ ಹಾಕುತ್ತದೆ. ಹಣ ಕೊಟ್ಟು ತಂದ ಸರಕಿನ ಮೇಲೆ ಮಾತ್ರ. ಈಗ ನಿಮ್ಮಲ್ಲಿ 12 ಲಕ್ಷದ ಸರಕಿದೆ ಎಂದುಕೊಳ್ಳಿ. ಬಂದರಿನವರಿಗೆ ಕೊಡಬೇಕಾದದ್ದು ಹದಿಮೂರೂವರೆ. ಅಂದರೆ ಬ್ಯಾಂಕಿನ ಕಣ್ಣಿಗೆ ನಿಮ್ಮ ಸ್ವಂತ ಸರಕೇ ಇಲ್ಲ, ಒಂದೂವರೆ ಲಕ್ಷದ ಕೊರತೆ. ಗಿರಾಕಿಗಳ ಬಾಕಿಯಲ್ಲಿ 90 ದಿನದೊಳಗಿನದ್ದು 6 ಲಕ್ಷ ಎಂದು ಸೇರಿಸಿ, 25 ಪರ್ಸೆಂಟ್ ಮಾರ್ಜಿನ್ (ನೀವೇ ಹಾಕಬೇಕಾದ ಪಾಲು) ಕಳೆದರೆ ಮೂರೂವರೆ ಲಕ್ಷವೂ ಸಿಗುವುದಿಲ್ಲ. ಅರ್ಧ ಕಣ್ಣೂರಿಗೆ ಹೋದ ಮೇಲೆ ಕೊಡಬೇಕಾದ ಬಾಕಿ ಹತ್ತಿರ ಹತ್ತಿರ 10 ಲಕ್ಷಕ್ಕೆ ಇಳಿಯುತ್ತದೆ, ಸರಕು 13 ಲಕ್ಷಕ್ಕೆ ಏರುತ್ತದೆ. ಅದೇ ಲೆಕ್ಕದಲ್ಲಿ 7 ಲಕ್ಷದ ಹತ್ತಿರ ತೆಗೆಯಬಹುದು. ಸಪ್ಲೈಯರ್ ಕಡ ಕಮ್ಮಿ ಆದಷ್ಟೂ ಬ್ಯಾಂಕ್ ಕೊಡುವುದು ಜಾಸ್ತಿ ಆಗುತ್ತದೆ. ಮ್ಯಾನೇಜರ್ ಹತ್ತಿರ ಇದನ್ನು ಕಾಗದದಲ್ಲಿ ಬರೆದು ತೋರಿಸಿ. ಆದರೆ ಮಂಜೂರಾಗಲು ವಾರಗಳು ಹಿಡಿಯುತ್ತವೆ. ಜೂನ್‌ನಲ್ಲಿ ಬೇಕಾದರೆ ಮಾರ್ಚ್‌ನಲ್ಲೇ ಅರ್ಜಿ ಹಾಕಿ.

ಇನ್ನು ಜಿಎಸ್‌ಟಿ. ಮಂಗಳೂರು ನಿಮಗೆ ಹೊರರಾಜ್ಯ, ಅಲ್ಲಿಂದ ಬರುವ ಬಿಲ್ಲಿನಲ್ಲಿ ಐಜಿಎಸ್‌ಟಿ ಇರುತ್ತದೆ, ಕಣ್ಣೂರಿನದ್ದರಲ್ಲಿ ಕೇಂದ್ರದ ಸಿಜಿಎಸ್‌ಟಿ ಮತ್ತು ರಾಜ್ಯದ ಎಸ್‌ಜಿಎಸ್‌ಟಿ. ನೀವು ಮಾರುವುದು ಕೇರಳದ ಒಳಗೇ ಆದರೆ ಇದರಿಂದ ಕೈಯಿಂದ ಹೋಗುವ ಹಣ ಬದಲಾಗುವುದಿಲ್ಲ. ಐಜಿಎಸ್‌ಟಿ ಕ್ರೆಡಿಟ್ ಎರಡಕ್ಕೂ ಬಳಸಬಹುದು. ಸಿಜಿಎಸ್‌ಟಿ ಕ್ರೆಡಿಟ್ ಅನ್ನು ಎಸ್‌ಜಿಎಸ್‌ಟಿಗೆ ಹಾಕಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೈ ಕಚ್ಚುವುದು ಬೇರೆ ಕಡೆ. ಅಡ್ವಾನ್ಸ್ ಕೊಟ್ಟ ಕೂಡಲೇ ಕ್ರೆಡಿಟ್ ಸಿಗುವುದಿಲ್ಲ. ಸಾಮಾನು ನಿಮ್ಮ ಕೈ ಸೇರಬೇಕು, ಬಿಲ್ ಬರಬೇಕು, ಆ ಬಿಲ್ಲನ್ನು ಅವರು ತಮ್ಮ ರಿಟರ್ನ್‌ನಲ್ಲಿ ಹಾಕಿ ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಪೋರ್ಟಲ್‌ನಲ್ಲಿ ಬರುವ ನಿಮ್ಮ ಕ್ರೆಡಿಟ್ ಪಟ್ಟಿಯಲ್ಲಿ, ಕಾಣಬೇಕು. ತಿಂಗಳು ತಿಂಗಳು ರಿಟರ್ನ್ ಹಾಕುವವರು 11ನೇ ತಾರೀಕಿನೊಳಗೆ ಹಾಕಿದರೆ 14ಕ್ಕೆ ನಿಮಗೆ ಕಾಣುತ್ತದೆ. 20ಕ್ಕೆ ನೀವು ತೆರಿಗೆ ಕಟ್ಟುವಾಗ ಕಳೆಯಬಹುದು. ಆದರೆ ವರ್ಷಕ್ಕೆ 5 ಕೋಟಿಯೊಳಗಿನ ವ್ಯಾಪಾರದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ದಾರಿ ಆರಿಸಬಹುದು. ನಡುವಿನ ಎರಡು ತಿಂಗಳ ಬಿಲ್ಲುಗಳನ್ನು ಐಎಫ್‌ಎಫ್ ಎಂಬ ಪೋರ್ಟಲ್ ಸೌಲಭ್ಯದಲ್ಲಿ ಹಾಕುವುದು ಅವರ ಇಷ್ಟ, ಕಡ್ಡಾಯ ಅಲ್ಲ. ಅವರು ಹಾಕದಿದ್ದರೆ ಏಪ್ರಿಲ್ ಬಿಲ್ಲಿನ ಕ್ರೆಡಿಟ್ ನಿಮಗೆ ಕಾಣುವುದು ಜುಲೈಯಲ್ಲಿ. 3 ಲಕ್ಷದ ಒಂದು ಲೋಡಿನಲ್ಲಿ ತೆರಿಗೆಯೇ 46,000. ಅಷ್ಟನ್ನು ಅಷ್ಟು ದಿನ ನೀವು ನಗದಾಗಿ ಕಟ್ಟಿಕೊಂಡಿರಬೇಕು. ಹಾಗಾಗಿ ಬೆಲೆ ಕೇಳುವ ಮುಂಚೆ ಕಣ್ಣೂರಿನವರ ಜಿಎಸ್‌ಟಿ ನಂಬರ್ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ಹಾಕಿ ಹುಡುಕಿದರೆ ಅವರು ಯಾವ್ಯಾವ ರಿಟರ್ನ್ ಯಾವ ದಿನ ಹಾಕಿದ್ದಾರೆ ಎಂದು ಯಾರು ಬೇಕಾದರೂ ನೋಡಬಹುದು. ಐದು ನಿಮಿಷದ ಕೆಲಸ. ತಡವಾಗಿ ಹಾಕುವ ಅಭ್ಯಾಸ ಕಂಡರೆ ಆ 4 ಪರ್ಸೆಂಟ್‌ನ ಆಸೆ ಬಿಟ್ಟುಬಿಡಿ. ಲೋಡ್ ತಿಂಗಳ ಕೊನೆಯ ದಿನಗಳಲ್ಲಿ ಬರುವ ಹಾಗಿದ್ದರೆ 30ನೇ ತಾರೀಕಿನೊಳಗೆ ಇಳಿಸಿಕೊಳ್ಳಿ. 2ನೇ ತಾರೀಕಿಗೆ ಇಳಿದರೆ ಕ್ರೆಡಿಟ್ ಒಂದು ತಿಂಗಳು ಮುಂದೆ ಹೋಗುತ್ತದೆ.

ಹೊಸಬರು ಬರೀ ವ್ಯಾಪಾರಿಗಳೋ, ಪೈಪ್ ತಯಾರಿಸುವ ಸಣ್ಣ ಕಾರ್ಖಾನೆಯವರೋ ಎಂದೂ ಕೇಳಿ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಾದರೆ, ಒಪ್ಪಿದ 20 ದಿನ ದಾಟಿಸಿ ಬಾಕಿ ಇಟ್ಟರೆ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ಅವರಿಗಿದೆ. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಉಳಿದರೆ, ಪುಸ್ತಕ ಬರೆದು ಲಾಭ ತೋರಿಸುವವರಿಗೆ ಆ ಖರೀದಿ ಆ ವರ್ಷದ ಖರ್ಚಿಗೆ ಸೇರುವುದಿಲ್ಲ, ಹಣ ಕೊಟ್ಟ ವರ್ಷ ಸೇರುತ್ತದೆ. ಬಂದರಿನವರ ಹತ್ತಿರ ನಾಲ್ಕು ದಿನ ಹಿಂದೆ ಮುಂದೆ ಮಾಡಿದ ಹಾಗೆ ಇಲ್ಲಿ ಮಾಡಲಾಗುವುದಿಲ್ಲ.

ಗಿರಾಕಿಗಳ 11 ಲಕ್ಷದ ವಿಷಯ. ಎಲ್ಲರನ್ನೂ ಒಮ್ಮೆಗೇ ಒತ್ತಾಯ ಮಾಡಬೇಡಿ. ಅಡಿಕೆ ಕೃಷಿಕನ ಹಣ ಅಡಿಕೆ ಮಾರಿದ ದಿನ ಬರುತ್ತದೆ, ಅವನು ಮಾರುವುದು ರೇಟ್ ನೋಡಿ. ಹೊಸ ಅಡಿಕೆ ಒಣಗಿಸಿ ಅಟ್ಟಕ್ಕೇರಿಸಿ, ಹಳತಾದ ಮೇಲೆ ಕೊಡೋಣ ಎಂದು ಕೂರುವವರು ಎಷ್ಟೋ ಮಂದಿ. ಆದರೆ ಮೇ ಕೊನೆಗೆ, ಮದ್ದು ಬಿಡುವ ಹೊತ್ತಿಗೆ, ಮೈಲುತುತ್ತು ತರಬೇಕು, ಕೂಲಿ ಕೊಡಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಆಗ ಸ್ವಲ್ಪವಾದರೂ ಕ್ಯಾಂಪ್ಕೊಗೋ ಪೇಟೆಗೋ ಕೊಟ್ಟೇ ಕೊಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ದೊಡ್ಡ ಬಾಕಿಯ ಹತ್ತು ಜನರನ್ನು ಆರಿಸಿ. ಏಪ್ರಿಲ್‌ನಲ್ಲೇ ಮನೆಗೆ ಹೋಗಿ, "ಮದ್ದಿನ ಸಮಯಕ್ಕೆ ಅಡಿಕೆ ಕೊಟ್ಟಾಗ ನನ್ನದರಲ್ಲಿ ಅರ್ಧ ಕೊಡಿ" ಎಂದು ಹೇಳಿ ಬನ್ನಿ. ಅವರ ಕೈಯಲ್ಲಿ ಹಣ ಇರುವ ದಿನಕ್ಕೆ ಕೇಳಿದರೆ ಮನಸ್ಸು ಕೆಡುವುದಿಲ್ಲ. ಈ ಹತ್ತು ಜನರಿಂದ 3 ಲಕ್ಷ ಬಂದರೂ ನಿಮ್ಮ ಮೊದಲ ಎರಡು ಲೋಡ್ ಬಡ್ಡಿ ಇಲ್ಲದೆ ಆಯಿತು. ಪ್ಲಂಬರ್‌ಗಳ ಮತ್ತು ಕಂಟ್ರಾಕ್ಟರ್‌ಗಳ ಬಾಕಿ ಬೇರೆ. ಅವರು ಮನೆ ಯಜಮಾನನಿಂದ ಹಣ ತೆಗೆದುಕೊಂಡು ಆಗಿರುತ್ತದೆ. ಅಲ್ಲಿ ಗಟ್ಟಿಯಾಗಿಯೇ ಕೇಳಿ.

ಒಂದು 200 ಪೇಜಿನ ನೋಟ್‌ಬುಕ್ ತೆಗೆದುಕೊಳ್ಳಿ. ಜೂನ್ ಮೊದಲ ವಾರದಿಂದ 13 ವಾರ, ವಾರಕ್ಕೊಂದು ಪುಟ. ವಾರದ ಶುರುವಿಗೆ ಕೈಯಲ್ಲಿ ಎಷ್ಟು, ಏನು ಬರುತ್ತದೆ, ಏನು ಹೋಗುತ್ತದೆ. ಬಂದರಿನ ಪ್ರತಿ ಬಿಲ್ಲಿನ ಗಡುವು ಆಯಾ ವಾರದ ಪುಟದಲ್ಲಿ ಈಗಲೇ ಬರೆದಿಡಿ. ಕಣ್ಣೂರಿನ ಮೂರು ಅಡ್ವಾನ್ಸ್, ಬಾಡಿಗೆ, ಸಂಬಳ, 20ರ ಜಿಎಸ್‌ಟಿ, ಚಿಟ್ಟಿ ಕಂತು, ಮತ್ತೆ ಮರೆಯದೆ ಓಣಂ. ಹುಡುಗರಿಗೆ ಬೋನಸ್ ಕೊಡಬೇಕು. ಕಣ್ಣೂರಿನವರೂ ಓಣಂ ಮುಂಚೆ ತಮ್ಮ ಬಾಕಿ ಕೇಳುತ್ತಾರೆ. ಎರಡೂ ಒಂದೇ ವಾರಕ್ಕೆ ಬರುವುದನ್ನು ನಾನು ವರ್ಷ ವರ್ಷ ನೋಡುತ್ತೇನೆ. ಯಾವ ವಾರದ ಕೊನೆಗೆ ಮೊತ್ತ 50,000ಕ್ಕಿಂತ ಕೆಳಗೆ ಇಳಿಯುತ್ತದೋ ಆ ವಾರ ಲೋಡ್ ತರಿಸಬೇಡಿ, ಮುಂದೆ ಹಾಕಿ.

ಬಂದರಿನವರಿಗೆ ಹೇಳದೆ ಮಾಡಬೇಡಿ. ಲೈನ್ ಗಾಡಿಯ ಹುಡುಗ ನಿಮ್ಮ ಅಂಗಡಿ ಮುಂದೆ ಬೇರೆ ಬ್ರ್ಯಾಂಡಿನ ಪೈಪ್ ನೋಡಿದ ಸಂಜೆಯೇ ಸುದ್ದಿ ಮುಟ್ಟುತ್ತದೆ. ಹಾಗೆ ಗೊತ್ತಾದರೆ ಅವರು ಮೊದಲು ಮಾಡುವುದು ಕಡ ನಿಲ್ಲಿಸುವುದು. ಆಗ ನಾನು ಇಷ್ಟು ಹೊತ್ತು ಹೇಳಿದ ಲೆಕ್ಕ ಒಂದೂ ನಿಲ್ಲುವುದಿಲ್ಲ. ನೀವೇ ಹೇಳಿ: ಪೈಪ್ ಮಾತ್ರ ಒಂದು ಕಡೆಯಿಂದ ತರಿಸಿ ನೋಡುತ್ತೇನೆ, ಫಿಟ್ಟಿಂಗ್ ನಿಮ್ಮದೇ, ಹಳೆ ಬಿಲ್ಲುಗಳು ಈ ಈ ದಿನಕ್ಕೆ ಬರುತ್ತವೆ ಎಂದು ತಾರೀಕು ಬರೆದು ಕೊಡಿ. ಬರೆದ ದಿನಕ್ಕೆ ಕೊಡಿ. ಬೇಸರ ಆಗಬಹುದು, 11 ವರ್ಷದ ಸಂಬಂಧ ಅಲ್ವಾ. ಆದರೆ ಮುಖ ನೋಡಿ ಹೇಳಿದವನ ಮೇಲೆ ಸಿಟ್ಟು ಹೆಚ್ಚು ದಿನ ಇರುವುದಿಲ್ಲ.

ಅದೇ ಭೇಟಿಯಲ್ಲಿ ಪೈಪಿನ ಲೆಕ್ಕವನ್ನೂ ಮುಗಿಸಿಕೊಳ್ಳಿ. ವರ್ಷದ ಟಾರ್ಗೆಟ್ ಡಿಸ್ಕೌಂಟ್ ಬರಬೇಕಿದ್ದರೆ ಅದರ ಕ್ರೆಡಿಟ್ ನೋಟ್ ಕೈಗೆ ಬಂದ ಮೇಲೆ ಬದಲಿಸಿ. ಜನವರಿ ಬೇಡ ಎನ್ನಲು ಇದೂ ಒಂದು ಕಾರಣ, ಮಾರ್ಚ್ ಮುಗಿಯದೆ ಆ ಲೆಕ್ಕ ಆಗುವುದಿಲ್ಲ. ಒಡೆದ ಟ್ಯಾಂಕಿನ ಬದಲಿ, ವಾಪಸ್ ಕೊಡಬೇಕಾದ ಸರಕು, ಎಲ್ಲ ಪಟ್ಟಿ ಮಾಡಿ. ಜಗಳದ ಬಿಲ್ ಇದ್ದರೆ ಹಾಗೇ ನೇತಾಡಿಸಬೇಡಿ. ಬಿಲ್ಲಿನ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ ಬಡ್ಡಿ ಸಮೇತ ಹಿಂದೆ ಕಟ್ಟಬೇಕು. ಸೆಕ್ಯುರಿಟಿಗೆಂದು ನೀವು ಸಹಿ ಮಾಡಿ ಕೊಟ್ಟ ಖಾಲಿ ಚೆಕ್‌ಗಳು ಅವರ ಡ್ರಾಯರ್‌ನಲ್ಲಿ ಇವೆಯಾ? ಎಷ್ಟು ಕೊಟ್ಟಿದ್ದೀರಿ ಎಂದು ನೆನಪು ಮಾಡಿಕೊಂಡು, ಕಡ ಅರ್ಧಕ್ಕೆ ಇಳಿದ ಮೇಲೆ ಚೆಕ್ಕೂ ಅರ್ಧ ವಾಪಸ್ ಕೇಳಿ.

ಕಣ್ಣೂರಿನವರ ಜೊತೆ ಒಂದು ಸಣ್ಣ ಬದಲಾವಣೆ ಕೇಳಿ ನೋಡಿ. ಆರ್ಡರ್ ಮಾಡಿದ ದಿನ ಅಡ್ವಾನ್ಸ್ ಬೇಡ, ಲಾರಿಗೆ ಲೋಡ್ ಆದ ಮೇಲೆ ಹಣ. ಬಿಲ್ ಮತ್ತು ಸರಕು ಸಾಗಣೆಯ ಇ-ವೇ ಬಿಲ್ಲಿನ ಫೋಟೋ ವಾಟ್ಸಾಪ್‌ಗೆ ಬಂದ ಕೂಡಲೇ ನೀವು ಕಳಿಸುತ್ತೀರಿ. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ಇದೆ, 2 ಲಕ್ಷಕ್ಕಿಂತ ಕಮ್ಮಿಗೆ ನೆಫ್ಟ್ ಕೂಡ ಹಾಗೇ. ಭಾನುವಾರ ರಾತ್ರಿ ಲೋಡ್ ಆದರೂ ಹಣ ಹೋಗುತ್ತದೆ. ಅವರಿಗೆ ಕಳೆದುಕೊಳ್ಳುವುದು ಏನೂ ಇಲ್ಲ, ನಿಮಗೆ ಪ್ರತಿ ಲೋಡಿಗೂ ನಾಲ್ಕೈದು ದಿನ ಉಳಿಯುತ್ತದೆ, ಬಾರದ ಲೋಡಿಗೆ ಹಣ ಕೊಟ್ಟು ಕಾಯುವ ಸಂಕಟವೂ ತಪ್ಪುತ್ತದೆ. ಹಣ ಬಿಲ್ಲಿನಲ್ಲಿರುವ ಹೆಸರಿನ ಕರೆಂಟ್ ಅಕೌಂಟಿಗೇ ಹೋಗಲಿ, ಸೇಲ್ಸ್‌ನವರ ನಂಬರಿಗೆ ಬೇಡ. ಮೊದಲ ಲೋಡ್ ಮುಂಚೆ ಒಮ್ಮೆ ಅವರ ಗೋಡೌನ್ ನೋಡಿ ಬನ್ನಿ, ಬೆಳಿಗ್ಗೆ ಹೋದರೆ ಸಂಜೆ ಮನೆಗೆ ಬರುವಷ್ಟೇ ದೂರ.

ಮತ್ತೆ, ನಾಲ್ಕನೇ ಲೋಡಿನಿಂದ 20 ದಿನ ಕಡ ಎಂದರಲ್ಲ, ಅದನ್ನು ಈಗಲೇ ಬರೆಸಿಕೊಳ್ಳಿ. ಆ 20 ದಿನ ಬಿಲ್ಲಿನ ತಾರೀಕಿನಿಂದಲೋ ಸಾಮಾನು ಇಳಿದ ತಾರೀಕಿನಿಂದಲೋ, ಕಡದ ಮಿತಿ ಎಷ್ಟು ಲಕ್ಷ, ಸೀಸನ್‌ನಲ್ಲಿ ಎರಡು ಲೋಡಿನ ಹಣ ಒಟ್ಟಿಗೆ ಬಾಕಿ ಇರಬಹುದೇ. ಲೆಟರ್‌ಹೆಡ್‌ನಲ್ಲಿ ಕೊಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಮೇಲ್‌ನಲ್ಲಾದರೂ ಬರಲಿ. ಆ ಕಾಗದ ಕೈಗೆ ಬರುವವರೆಗೆ ಮೊದಲ ಲೋಡಿನ ಆರ್ಡರ್ ಕೊಡಬೇಡಿ.